ಗನ್ ವಿಷಯದಲ್ಲಿ ನಿಮ್ಮ ಅಭ್ಯರ್ಥಿ ನಿಜಕ್ಕೂ ಯಾವ ಕಡೆ? ವೋಟು ಹಾಕುವ ಮುಂಚೆ ಪತ್ತೆ ಹಚ್ಚುವುದು ಹೀಗೆ

ಅಮೆರಿಕದಲ್ಲಿ ಚುನಾವಣೆಗೆ ನಿಂತ ಯಾರನ್ನೇ ಕೇಳಿ, 'ನಾನು ಸೆಕೆಂಡ್ ಅಮೆಂಡ್‌ಮೆಂಟ್ ಪರ', ಅಂದರೆ ಗನ್ ಇಟ್ಟುಕೊಳ್ಳುವ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿಯ ಪರ, ಎಂದೇ ಹೇಳುತ್ತಾರೆ. ರಿಪಬ್ಲಿಕನ್ನರೂ ಹೇಳುತ್ತಾರೆ, ಡೆಮಾಕ್ರಾಟರೂ ಹೇಳುತ್ತಾರೆ. 2024ರ ಸೆಪ್ಟೆಂಬರ್ ಚರ್ಚೆಯಲ್ಲಿ ಕಮಲಾ ಹ್ಯಾರಿಸ್ ತಮ್ಮ ಹತ್ತಿರವೂ ಗನ್ ಇದೆ, ಯಾರ ಗನ್ನನ್ನೂ ಕಿತ್ತುಕೊಳ್ಳುವುದಿಲ್ಲ ಎಂದರು. 2019ರಲ್ಲಿ ಇದೇ ಹ್ಯಾರಿಸ್, ಅಸಾಲ್ಟ್ ವೆಪನ್‌ಗಳನ್ನು, ಅಂದರೆ ಎಆರ್-15 ಬಗೆಯ ಸೇನಾ ಶೈಲಿಯ ಗನ್‌ಗಳನ್ನು, ಸರ್ಕಾರ ದುಡ್ಡು ಕೊಟ್ಟು ಕಡ್ಡಾಯವಾಗಿ ವಾಪಸ್ ಪಡೆಯಬೇಕು ಎಂದಿದ್ದರು. ಡೊನಾಲ್ಡ್ ಟ್ರಂಪ್ ಕಥೆಯೂ ನೇರವಾಗಿಲ್ಲ. 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅಸಾಲ್ಟ್ ವೆಪನ್ ನಿಷೇಧಕ್ಕೆ ಬೆಂಬಲ ಕೊಟ್ಟಿದ್ದವರು ಅವರು. 2016ರಲ್ಲಿ ಗನ್ ಹಕ್ಕಿನ ಪರ ಲಾಬಿ ಮಾಡುವ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ, ಅಂದರೆ ಎನ್‌ಆರ್‌ಎಯ, ಬೆಂಬಲದಿಂದ ಗೆದ್ದರು. 2018ರ ಡಿಸೆಂಬರ್‌ನಲ್ಲಿ ಅವರ ಸರ್ಕಾರವೇ ಬಂಪ್ ಸ್ಟಾಕ್ (ರೈಫಲ್ ಬಲು ವೇಗವಾಗಿ ಗುಂಡು ಹಾರಿಸುವಂತೆ ಮಾಡುವ ಸಾಧನ) ನಿಷೇಧಿಸಿತು.

ಹೀಗಿರುವಾಗ ಅಂಚೆಯಲ್ಲಿ ಮನೆಗೆ ಬರುವ ಪ್ರಚಾರ ಪತ್ರ, ಅಂದರೆ ಮೇಲರ್, ನೋಡಿ ಅಭ್ಯರ್ಥಿಯ ನಿಲುವು ತಿಳಿಯುತ್ತದೆ ಎಂದುಕೊಳ್ಳುವುದು ಕಷ್ಟ. ನನ್ನ ಲೆಕ್ಕದಲ್ಲಿ ನೋಡಬೇಕಾದ್ದು ಒಂದೇ: ತಮ್ಮ ಪಕ್ಷಕ್ಕೋ, ತಮ್ಮ ಊರಿನ ಮತದಾರರಿಗೋ ಇಷ್ಟವಿಲ್ಲದ ಹೊತ್ತಲ್ಲಿ ಅವರು ಏನು ಮಾಡಿದರು? ಅನುಕೂಲ ಇದ್ದಾಗ ಆಡಿದ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ನೀವು ಮನೆಯಲ್ಲಿ ಗನ್ ಇಟ್ಟುಕೊಂಡವರಾಗಿರಲಿ, ಮಗುವಿನ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಎಂದರೆ ಎದೆ ಧಸಕ್ ಎನ್ನುವವರಾಗಿರಲಿ, ಹುಡುಕುವ ದಾರಿ ಇಬ್ಬರಿಗೂ ಒಂದೇ. ಯಾರಿಗೆ ವೋಟು ಹಾಕಬೇಕು ಎಂದು ನಾನಿಲ್ಲಿ ಹೇಳುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ಈ ಚುನಾವಣೆಗಳಲ್ಲಿ ವೋಟು ಇರುವುದು ಅಮೆರಿಕದ ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್‌ನವರು, ಎಚ್-1ಬಿಯವರು ಡಿಎಂವಿಯಲ್ಲಿ (ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿ) ಯಾವುದೋ ಫಾರ್ಮ್ ತುಂಬುವಾಗ ತಪ್ಪಿ ಮತದಾರರ ಪಟ್ಟಿಗೆ ಟಿಕ್ ಹಾಕಬೇಡಿ. ಮುಂದೆ ವಲಸೆ ಕಡತಕ್ಕೆ ದೊಡ್ಡ ಪೆಟ್ಟು ಬೀಳಬಹುದು.

ಮೊದಲು ನಿಮ್ಮ ಪ್ರಶ್ನೆ ಯಾವುದು ಗೊತ್ತಾಗಲಿ

ಭಾರತದಲ್ಲಿ ಬೆಳೆದ ನಮಗೆ ಬಂದೂಕು ಎಂದರೆ ಲೈಸೆನ್ಸ್. ಸರ್ಕಾರ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಆದರೆ ಅದೂ ಸರ್ಕಾರ ಕೊಟ್ಟ ವಿನಾಯಿತಿಯೇ. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅಮೆರಿಕದಲ್ಲಿ ಲೆಕ್ಕ ತಿರುವುಮುರುವು. 1791ರ ತಿದ್ದುಪಡಿ ಇದನ್ನು ಹಕ್ಕು ಎನ್ನುತ್ತದೆ. ಅದು ಪ್ರತಿ ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ತೀರ್ಪಿನಲ್ಲಿ ಹೇಳಿತು. ಹಾಗಾಗಿ ಇಲ್ಲಿ ಜಗಳ ಇರುವುದು ಹಕ್ಕು ಇದೆಯೋ ಇಲ್ಲವೋ ಎಂಬುದರ ಮೇಲಲ್ಲ, ಗೆರೆ ಎಲ್ಲಿ ಎಳೆಯಬೇಕು ಎಂಬುದರ ಮೇಲೆ.

ಅದಕ್ಕೇ 'ಗನ್ ಪರವೋ ವಿರೋಧವೋ' ಎಂದು ಕೇಳಿದರೆ ಉಪಯೋಗ ಕಮ್ಮಿ. ಪ್ರಶ್ನೆಯನ್ನು ಒಡೆಯಿರಿ. ಫೆಡರಲ್ ಕಾನೂನಿನಲ್ಲಿ ಲೈಸೆನ್ಸ್ ಇರುವ ಅಂಗಡಿಯವರು ಬ್ಯಾಕ್‌ಗ್ರೌಂಡ್ ಚೆಕ್, ಅಂದರೆ ಕೊಳ್ಳುವವರ ಹಿನ್ನೆಲೆ ತಪಾಸಣೆ, ಮಾಡಲೇಬೇಕು. ಆದರೆ ಒಂದೇ ರಾಜ್ಯದಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ ಇನ್ನೊಬ್ಬನಿಗೆ ಮಾರಿದರೆ ಆ ಕಡ್ಡಾಯ ಇಲ್ಲ. ಹಲವು ರಾಜ್ಯಗಳು ಮಾತ್ರ ಇದಕ್ಕೂ ಚೆಕ್ ಬೇಕೆನ್ನುತ್ತವೆ. ನಿಮ್ಮ ಅಭ್ಯರ್ಥಿ ಇದನ್ನು ಇಡೀ ದೇಶಕ್ಕೆ ತರಬೇಕು ಎನ್ನುತ್ತಾರಾ? ಎಆರ್-15 ಬಗೆಯ ರೈಫಲ್‌ಗಳ ಹೊಸ ಮಾರಾಟ ನಿಲ್ಲಿಸಬೇಕು ಎನ್ನುತ್ತಾರಾ, ಅಥವಾ ಈಗಾಗಲೇ ಇರುವವನ್ನೂ ವಾಪಸ್ ಪಡೆಯಬೇಕು ಎನ್ನುತ್ತಾರಾ? ಎರಡೂ ಬೇರೆ ಬೇರೆ ಮಾತು, ಪ್ರಚಾರದಲ್ಲಿ ಎರಡನ್ನೂ ಬೇಕಂತಲೇ ಕಲಸುತ್ತಾರೆ. ಅಪಾಯಕಾರಿ ಎನಿಸಿದವರಿಂದ ಕೋರ್ಟ್ ಆದೇಶದ ಮೂಲಕ ಸ್ವಲ್ಪ ಕಾಲ ಗನ್ ತೆಗೆದಿಡುವ ರೆಡ್ ಫ್ಲ್ಯಾಗ್ ಕಾನೂನಿಗೆ ಏನಂತಾರೆ? ಪರ್ಮಿಟ್ ಇಲ್ಲದೆ ಗನ್ ಒಯ್ಯಲು ಬಿಡಬೇಕೆ? ಒಂದು ರಾಜ್ಯದ ಪರ್ಮಿಟ್ಟನ್ನು ಬೇರೆ ರಾಜ್ಯ ಒಪ್ಪಬೇಕೆ? ಮಕ್ಕಳಿರುವ ಮನೆಯಲ್ಲಿ ಗನ್ ಬೀಗ ಹಾಕಿಡುವುದು ಕಡ್ಡಾಯವಾಗಬೇಕೆ? ಗನ್ ತಯಾರಕರ ಮೇಲಿನ ಮೊಕದ್ದಮೆಗಳನ್ನು ಬಹುಪಾಲು ತಡೆಯುವ 2005ರ ಕಾನೂನು ಉಳಿಯಬೇಕೆ?

ಇವುಗಳಲ್ಲಿ ನಿಮಗೆ ಮುಖ್ಯ ಅನಿಸಿದ ಎರಡೋ ಮೂರೋ ಆರಿಸಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ಮನುಷ್ಯ ಒಂದರಲ್ಲಿ ಆ ಕಡೆ, ಇನ್ನೊಂದರಲ್ಲಿ ಈ ಕಡೆ ಇರುವುದು ಮಾಮೂಲಿ. ಎಡಪಂಥೀಯರ ಪೈಕಿ ದೊಡ್ಡ ಹೆಸರಾದ ಬರ್ನಿ ಸ್ಯಾಂಡರ್ಸ್ ಅವರನ್ನೇ ನೋಡಿ. ಬ್ಯಾಕ್‌ಗ್ರೌಂಡ್ ಚೆಕ್ ತಂದ 1993ರ ಬ್ರೇಡಿ ಕಾನೂನಿಗೆ ವಿರುದ್ಧ ವೋಟು ಹಾಕಿದರು. ತಯಾರಕರನ್ನು ಕಾಪಾಡುವ 2005ರ ಕಾನೂನಿಗೆ ಪರವಾಗಿ ಹಾಕಿದರು. ಆದರೂ ಅಸಾಲ್ಟ್ ವೆಪನ್ ನಿಷೇಧಕ್ಕೆ ಅವರ ಬೆಂಬಲ ಇತ್ತು. ಅವರು ಆರಿಸಿ ಬರುತ್ತಿದ್ದದ್ದು ಬೇಟೆಗಾರರು ತುಂಬಿದ ವರ್ಮಾಂಟ್‌ನಿಂದ. ಪಕ್ಷ, ಸಿದ್ಧಾಂತ ನೋಡಿ ಊಹೆ ಮಾಡಿದ್ದರೆ ಎಡವುತ್ತಿದ್ದೆವು, ಅಲ್ವಾ?

ಆ ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಏನಿದೆ?

ಗನ್ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವ ಅಭ್ಯರ್ಥಿ ಕೆಲವೊಮ್ಮೆ ಗನ್ ಕಾನೂನಿಗೆ ಸಂಬಂಧವೇ ಇಲ್ಲದ ಹುದ್ದೆಗೆ ನಿಂತಿರುತ್ತಾರೆ. ಬ್ಯಾಲಟ್‌ನ ಕೆಳಗೆ ಮೂಲೆಯಲ್ಲಿ, ಯಾರೂ ಓದದ ಕಡೆ, ನಿಜವಾದ ಅಧಿಕಾರ ಇರುವವರ ಹೆಸರು ಇರುತ್ತದೆ.

ದಿನನಿತ್ಯದ ಗನ್ ನಿಯಮಗಳಲ್ಲಿ ಹೆಚ್ಚಿನವು ರಾಜ್ಯದ್ದು. ಟೆಕ್ಸಸ್ 2021ರಲ್ಲಿ ಪರ್ಮಿಟ್ ಇಲ್ಲದೆ ಪಿಸ್ತೂಲು ಒಯ್ಯಲು ಬಿಟ್ಟಿತು. ಇಲಿನಾಯ್ 2023ರ ಜನವರಿಯಲ್ಲಿ ಅಸಾಲ್ಟ್ ವೆಪನ್ ನಿಷೇಧಿಸಿತು. ಎರಡನ್ನೂ ಮಾಡಿದ್ದು ರಾಜ್ಯದ ಶಾಸಕರು ಮತ್ತು ಗವರ್ನರು. ಹಾಗಾಗಿ ರಾಜ್ಯ ಶಾಸಕಾಂಗದ ಸದನಗಳಾದ ಸ್ಟೇಟ್ ಸೆನೆಟ್, ಸ್ಟೇಟ್ ಹೌಸ್ ಅಭ್ಯರ್ಥಿಗಳ ಮೇಲೆ ಜಾಸ್ತಿ ಹೊತ್ತು ಕಳೆಯಿರಿ. ನ್ಯೂಜೆರ್ಸಿ, ವರ್ಜೀನಿಯಾಗಳಲ್ಲಿ ಇರುವವರು ಇನ್ನೊಂದು ನೆನಪಿಡಿ: ಅಲ್ಲಿ ರಾಜ್ಯದ ಚುನಾವಣೆ ಬೆಸ ವರ್ಷಗಳಲ್ಲಿ ಬರುತ್ತದೆ. ಅಧ್ಯಕ್ಷರ ಚುನಾವಣೆಯ ಗದ್ದಲ ಇರುವುದಿಲ್ಲ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಶೆರಿಫ್ ಮತ್ತು ಜಿಲ್ಲಾ ಪ್ರಾಸಿಕ್ಯೂಟರ್‌ಗಳನ್ನು ಮರೆಯಬೇಡಿ. ಇಲಿನಾಯ್‌ನ ಆ ಕಾನೂನು ಬಂದ ಕೂಡಲೇ ಅಲ್ಲಿನ ಹಲವು ಕೌಂಟಿಗಳ ಶೆರಿಫ್‌ಗಳು ಅದನ್ನು ಜಾರಿ ಮಾಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಕಾನೂನು ಪುಸ್ತಕದಲ್ಲಿದ್ದರೂ ನಿಮ್ಮ ಊರಲ್ಲಿ ಅದು ನಡೆಯುತ್ತದೋ ಇಲ್ಲವೋ ಎಂಬುದು ಇವರ ಕೈಯಲ್ಲೂ ಸ್ವಲ್ಪ ಇರುತ್ತದೆ.

ಇವೆಲ್ಲದರ ಮೇಲೆ ಕೋರ್ಟು. 2022ರ ಬ್ರೂಯನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗನ್ ಒಯ್ಯಲು 'ವಿಶೇಷ ಕಾರಣ' ತೋರಿಸಬೇಕೆಂಬ ನ್ಯೂಯಾರ್ಕ್ ನಿಯಮವನ್ನು ಹೊಡೆದುಹಾಕಿತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿದ್ದ ಅಂಥದ್ದೇ ನಿಯಮಗಳೂ ಅದರ ಜೊತೆ ಹೋದವು. ಗನ್ ನಿರ್ಬಂಧಗಳು ದೇಶದ ಚಾರಿತ್ರಿಕ ಪರಂಪರೆಗೆ ಹೊಂದಬೇಕು ಎಂಬ ಅಳತೆಗೋಲನ್ನೂ ಆ ತೀರ್ಪು ಇಟ್ಟಿತು. ಅದೇ ಅಳತೆಯಲ್ಲಿ 2024ರ ರಹೀಮಿ ಪ್ರಕರಣದಲ್ಲಿ, ಕೌಟುಂಬಿಕ ಹಿಂಸೆಯ ತಡೆಯಾಜ್ಞೆ ಇರುವವರು ಗನ್ ಇಟ್ಟುಕೊಳ್ಳಬಾರದು ಎಂಬ ಕಾನೂನನ್ನು 8-1ರಲ್ಲಿ ಎತ್ತಿಹಿಡಿದರು. ಅಂದರೆ ಅಭ್ಯರ್ಥಿಯ ಭರವಸೆ ಕೇಳಿದಾಗ 'ಇದು ಕೋರ್ಟಿನಲ್ಲಿ ನಿಲ್ಲುತ್ತಾ?' ಎಂಬ ಪ್ರಶ್ನೆಯೂ ಇರಲಿ. ಸೆನೆಟ್ ಅಭ್ಯರ್ಥಿಯಾದರೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ನೇಮಕಕ್ಕೆ ಹೇಗೆ ವೋಟು ಹಾಕಿದ್ದಾರೆ ನೋಡಿ. ಗನ್ ಮೇಲೆ ಅದರ ಪರಿಣಾಮ ಎಷ್ಟೋ ಮಸೂದೆಗಳಿಗಿಂತ ದೊಡ್ಡದು.

ವೋಟಿನ ದಾಖಲೆ: ಇಲ್ಲಿ ಕೂತು ಓದಿ

'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಎನ್ನುತ್ತಾರಲ್ಲ, ಬದನೆಕಾಯಿ ಕಾಣುವುದು ಇಲ್ಲೇ. ಈಗಾಗಲೇ ಹುದ್ದೆಯಲ್ಲಿ ಇರುವವರಾದರೆ ಮೊದಲು ಇದನ್ನೇ ತೆಗೆಯಿರಿ.

ಅಮೆರಿಕದ ಸಂಸತ್ತು, ಅಂದರೆ ಹೌಸ್ ಮತ್ತು ಸೆನೆಟ್ ಸೇರಿದ ಕಾಂಗ್ರೆಸ್, ಅದರ ಎಲ್ಲ ಮಸೂದೆಗಳೂ ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿವೆ. ಬಿಲ್ ನಂಬರ್ ಹಾಕುವಾಗ ಯಾವ ಕಾಂಗ್ರೆಸ್ ಎಂಬುದನ್ನೂ ಆರಿಸಬೇಕು, ಏಕೆಂದರೆ ಎರಡು ವರ್ಷಕ್ಕೊಮ್ಮೆ ನಂಬರ್‌ಗಳು ಮತ್ತೆ ಒಂದರಿಂದ ಶುರುವಾಗುತ್ತವೆ. 2021-22 ಎಂದರೆ 117ನೇ ಕಾಂಗ್ರೆಸ್. ಒಳಗೆ 'ಆಕ್ಷನ್ಸ್' ಎಂಬ ಕಡೆ ಹೋದರೆ ರೋಲ್ ಕಾಲ್ ವೋಟಿನ ಕೊಂಡಿ ಸಿಗುತ್ತದೆ, ಅದರಲ್ಲಿ ಯಾರು ಯಾವ ಕಡೆ ಎಂದು ಹೆಸರು ಸಮೇತ ಇರುತ್ತದೆ. ವಾಯ್ಸ್ ವೋಟ್, ಅಂದರೆ ಧ್ವನಿಮತ, ಆಗಿದ್ದರೆ ಹೆಸರು ಇರುವುದಿಲ್ಲ, ಅಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಯಾವ ಮಸೂದೆ ನೋಡಬೇಕು? ಈ ಕೆಲವನ್ನು ನೋಡಿದರೆ ಅರ್ಧ ಚಿತ್ರ ಸಿಗುತ್ತದೆ. 2017ರ ಡಿಸೆಂಬರ್‌ನಲ್ಲಿ ಹೌಸ್‌ನಲ್ಲಿ ಪಾಸಾದ ಎಚ್.ಆರ್. 38, ಒಂದು ರಾಜ್ಯದ ಪರ್ಮಿಟ್ ಬೇರೆ ರಾಜ್ಯಗಳಲ್ಲೂ ನಡೆಯಬೇಕು ಎಂಬುದು. 2019ರಲ್ಲಿ 240-190ರಲ್ಲಿ ಪಾಸಾದ ಎಚ್.ಆರ್. 8, ಖಾಸಗಿ ಮಾರಾಟಕ್ಕೂ ಬ್ಯಾಕ್‌ಗ್ರೌಂಡ್ ಚೆಕ್ ಬೇಕು ಎಂಬುದು. 2022ರ ಜುಲೈನಲ್ಲಿ 217-213ರಲ್ಲಿ ಕೂದಲೆಳೆಯಲ್ಲಿ ಪಾಸಾದ ಎಚ್.ಆರ್. 1808, ಅಸಾಲ್ಟ್ ವೆಪನ್ ನಿಷೇಧದ್ದು. ಈ ಮೂರೂ ಸೆನೆಟ್ ದಾಟಲಿಲ್ಲ. ಕಾನೂನಾದದ್ದು 2022ರ ಜೂನ್‌ನ ಬೈಪಾರ್ಟಿಸನ್ ಸೇಫರ್ ಕಮ್ಯುನಿಟೀಸ್ ಆಕ್ಟ್. 21 ತುಂಬದವರು ಗನ್ ಕೊಳ್ಳುವಾಗ ಹೆಚ್ಚಿನ ತಪಾಸಣೆ, ರೆಡ್ ಫ್ಲ್ಯಾಗ್ ಕಾನೂನು ನಡೆಸುವ ರಾಜ್ಯಗಳಿಗೆ ದುಡ್ಡು, ಮಾನಸಿಕ ಆರೋಗ್ಯಕ್ಕೆ ದುಡ್ಡು ಅದರಲ್ಲಿವೆ. ಸೆನೆಟ್‌ನಲ್ಲಿ 65-33, ಪರ ಹಾಕಿದವರಲ್ಲಿ 15 ರಿಪಬ್ಲಿಕನ್ನರು.

ಈಗ ಅಸಲಿ ಕೆಲಸ. ಪಕ್ಷದ ಸಾಲು ಬಿಟ್ಟು ಹೊರಗೆ ಬಂದ ಹೆಸರುಗಳನ್ನು ಹುಡುಕಿ. ಎಚ್.ಆರ್. 1808ಕ್ಕೆ 5 ಡೆಮಾಕ್ರಾಟರು ವಿರುದ್ಧ ಹಾಕಿದರು, 2 ರಿಪಬ್ಲಿಕನ್ನರು ಪರ ಹಾಕಿದರು. ಆ 7 ಜನರ ವೋಟು, ಪಕ್ಷದ ಜೊತೆ ಸುಮ್ನೆ ಹೋದ ನಾನೂರಕ್ಕೂ ಹೆಚ್ಚು ಜನರ ವೋಟಿಗಿಂತ ಹೆಚ್ಚು ವಿಷಯ ಹೇಳುತ್ತದೆ.

ಇಷ್ಟಾದರೂ ವೋಟು ಒಂದೇ ನೋಡಿ ತೀರ್ಮಾನ ಮಾಡಬೇಡಿ, ಅದರಲ್ಲೂ ಗುಂಡಿಗಳಿವೆ. 2013ರ ಏಪ್ರಿಲ್ 17 ಇದಕ್ಕೆ ಒಳ್ಳೆಯ ಪಾಠ. ಹಿಂದಿನ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿಯ ದುರಂತ ನಡೆದಿತ್ತು. ಡೆಮಾಕ್ರಾಟ್ ಜೋ ಮ್ಯಾಂಚಿನ್, ರಿಪಬ್ಲಿಕನ್ ಪ್ಯಾಟ್ ಟೂಮಿ ಸೇರಿ ಬ್ಯಾಕ್‌ಗ್ರೌಂಡ್ ಚೆಕ್ ವಿಸ್ತರಿಸುವ ತಿದ್ದುಪಡಿ ತಂದರು. 54-46 ಬಂತು. ಸೆನೆಟ್ ನಿಯಮದಂತೆ ಬೇಕಾಗಿದ್ದದ್ದು 60, ಬಿದ್ದುಹೋಯಿತು. ಆ 46ರಲ್ಲಿ ಡೆಮಾಕ್ರಾಟ್ ನಾಯಕ ಹ್ಯಾರಿ ರೀಡ್ ಹೆಸರೂ ಇದೆ! ಅವರು ತಿದ್ದುಪಡಿಯ ವಿರೋಧಿಯಲ್ಲ. ಸೆನೆಟ್ ನಿಯಮದ ಪ್ರಕಾರ ಮುಂದೆ ಅದೇ ವಿಷಯವನ್ನು ಮತ್ತೆ ತರಲು ಗೆದ್ದ ಕಡೆಗೆ ವೋಟು ಹಾಕಿರಬೇಕಿತ್ತು. ಅದಕ್ಕೆ ಕೊನೆಯಲ್ಲಿ ವೋಟು ಬದಲಿಸಿದರು. ಬರೀ ಪಟ್ಟಿ ನೋಡಿದವರಿಗೆ ಅವರು ಗನ್ ಲಾಬಿಯ ಜೊತೆ ನಿಂತಂತೆ ಕಾಣುತ್ತದೆ.

ಅದೇ ದಿನ ಇನ್ನೊಂದು ತಮಾಷೆಯೂ ನಡೆಯಿತು. ರಿಪಬ್ಲಿಕನ್ನರಾದ ಗ್ರಾಸ್ಲಿ ಮತ್ತು ಕ್ರೂಜ್ ಬೇರೆಯದೇ ಒಂದು ತಿದ್ದುಪಡಿ ಇಟ್ಟಿದ್ದರು. ಅದರಲ್ಲಿ ಚೆಕ್ ವ್ಯವಸ್ಥೆಯ ದಾಖಲೆಗಳನ್ನು ಸುಧಾರಿಸುವ ಮಾತಿತ್ತು, ಖಾಸಗಿ ಮಾರಾಟಕ್ಕೆ ವಿಸ್ತರಿಸುವ ಮಾತು ಇರಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಕೆಲ್ಲಿ ಅಯೊಟ್ ಮ್ಯಾಂಚಿನ್-ಟೂಮಿಗೆ ವಿರುದ್ಧ, ಇದಕ್ಕೆ ಪರವಾಗಿ ಹಾಕಿದರು. ಆಮೇಲೆ ಅವರ ಪರ ಬಂದ ಜಾಹೀರಾತು, ಅವರು ಬ್ಯಾಕ್‌ಗ್ರೌಂಡ್ ಚೆಕ್ ಸರಿಪಡಿಸಲು ವೋಟು ಹಾಕಿದ್ದಾರೆ ಎಂದಿತು. ಎದುರಾಳಿಗಳು ಅವರು ಬ್ಯಾಕ್‌ಗ್ರೌಂಡ್ ಚೆಕ್ ವಿರುದ್ಧ ಹಾಕಿದ್ದಾರೆ ಎಂದರು. ಇಬ್ಬರ ಹತ್ತಿರವೂ ರೋಲ್ ಕಾಲ್ ಇತ್ತು. ಹಾಗಾಗಿ 'ಬ್ಯಾಕ್‌ಗ್ರೌಂಡ್ ಚೆಕ್ ಪರ ವೋಟು ಹಾಕಿದೆ' ಎಂದು ಯಾರಾದರೂ ಹೇಳಿದರೆ ಯಾವ ಮಸೂದೆ, ಯಾವ ದಿನ ಎಂದು ನೋಡದೆ ನಂಬಬೇಡಿ.

ಗನ್ ವಿಷಯ ಗನ್ ಎಂಬ ಹೆಸರಿಲ್ಲದ ಮಸೂದೆಗಳಲ್ಲೂ ಅಡಗಿರುತ್ತದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಲೋಡ್ ಮಾಡಿದ ಗನ್ ಒಯ್ಯಲು ದಾರಿ ಮಾಡಿಕೊಟ್ಟದ್ದು 2009ರ ಕ್ರೆಡಿಟ್ ಕಾರ್ಡ್ ಸುಧಾರಣೆ ಕಾನೂನು. ಸೈಲೆನ್ಸರ್ ಮೇಲೆ 1934ರಿಂದ ಇದ್ದ 200 ಡಾಲರ್ ತೆರಿಗೆಯನ್ನು ಸೊನ್ನೆ ಮಾಡಿದ್ದು 2025ರ ಜುಲೈನ ದೊಡ್ಡ ತೆರಿಗೆ ಮಸೂದೆ. ಇಂಥ ಕಡೆ ಒಬ್ಬರ ವೋಟನ್ನು ಗನ್ ನಿಲುವು ಎಂದು ಪೂರ್ತಿ ಲೆಕ್ಕ ಹಾಕಲಾಗದು, ಆದರೆ ಪ್ರಚಾರದಲ್ಲಿ ಹಾಗೆ ಹಾಕುವವರಿದ್ದಾರೆ.

ವೋಟಿಗಿಂತ ನನಗೆ ಇಷ್ಟವಾದ ಗುರುತು ಎರಡಿವೆ. ಒಂದು, ಸಹ-ಪ್ರಾಯೋಜಕರ ಪಟ್ಟಿ. ಕಾಂಗ್ರೆಸ್ ಡಾಟ್ ಗವ್‌ನಲ್ಲಿ 'ಕೋಸ್ಪಾನ್ಸರ್ಸ್' ಕ್ಲಿಕ್ ಮಾಡಿದರೆ ಯಾರು ಯಾವ ತಾರೀಕು ಸೇರಿದರು ಎಂದು ತೋರಿಸುತ್ತದೆ. ಮೊದಲ ದಿನವೇ ಸೇರಿದರಾ, ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ, ಎದುರಾಳಿ ಹುಟ್ಟಿಕೊಂಡ ಮೇಲೆ ಸೇರಿದರಾ? ಹೆಸರು ಹಿಂದೆ ತೆಗೆದುಕೊಂಡಿದ್ದರೂ ಅಲ್ಲಿ ಗೊತ್ತಾಗುತ್ತದೆ. ಎರಡು, ಡಿಸ್‌ಚಾರ್ಜ್ ಪೆಟಿಷನ್. ಹೌಸ್ ನಾಯಕರು ಕೂರಿಸಿಟ್ಟ ಮಸೂದೆಯನ್ನು 218 ಸಹಿ ಸೇರಿದರೆ ಹೊರಗೆ ತರಬಹುದು. ಸಹಿ ಹಾಕಿದವರ ಪಟ್ಟಿ ಹೌಸ್ ಕ್ಲರ್ಕ್ ತಾಣದಲ್ಲಿ ಸಿಗುತ್ತದೆ. ಮಸೂದೆಗೆ ಹೆಸರು ಕೊಟ್ಟು ಫೋಟೋ ತೆಗೆಸಿಕೊಂಡು, ಸ್ವಂತ ಪಕ್ಷದ ನಾಯಕರಿಗೆ ಎದುರಾಗುವ ಆ ಸಹಿ ಮಾತ್ರ ಹಾಕದವರು ಇದ್ದರೆ, ಆ ಬೆಂಬಲದ ತೂಕ ಎಷ್ಟು ಎಂದು ನೀವೇ ಅಂದಾಜು ಮಾಡಿ.

ರಾಜ್ಯದ ಶಾಸಕರಿಗೆ ಆಯಾ ರಾಜ್ಯ ಶಾಸಕಾಂಗದ ತಾಣ ನೋಡಿ, ಇಲ್ಲವೇ ಎಲ್ಲ ರಾಜ್ಯಗಳ ಮಸೂದೆ ಒಟ್ಟಿಗೆ ಸಿಗುವ ಲೆಜಿಸ್ಕ್ಯಾನ್ ತಾಣ ನೋಡಿ. ಅಲ್ಲಿ ಕಮಿಟಿಯ ವೋಟು ಮುಖ್ಯ, ಎಷ್ಟೋ ಮಸೂದೆ ಸದನಕ್ಕೆ ಬರುವ ಮುಂಚೆ ಅಲ್ಲೇ ಸಾಯುತ್ತವೆ. ಗವರ್ನರ್ ಆಗಿದ್ದವರಾದರೆ ವೀಟೊ ಪತ್ರ ಓದಿ. ವರ್ಜೀನಿಯಾದ ಗ್ಲೆನ್ ಯಂಗ್‌ಕಿನ್ 2024ರಲ್ಲಿ ಹತ್ತಾರು ಗನ್ ಮಸೂದೆಗಳನ್ನು ವೀಟೊ ಮಾಡಿದರು, ಕೆಲವಕ್ಕೆ ಸಹಿಯನ್ನೂ ಹಾಕಿದರು. ವೀಟೊಗೆ ಕಾರಣ ಬರೆಯಬೇಕಾಗುತ್ತದೆ, ಆ ಕಾರಣ ಭಾಷಣಕ್ಕಿಂತ ಸ್ಪಷ್ಟವಾಗಿರುತ್ತದೆ.

ಅಭ್ಯಾಸಕ್ಕೆ ಒಂದು ಹೆಸರು ಬೇಕಾದರೆ, ಬೆಳಗಾವಿಯಲ್ಲಿ ಬೆಳೆದು ಡೆಟ್ರಾಯಿಟ್ ಭಾಗದಿಂದ 2022ರಲ್ಲಿ ಹೌಸ್‌ಗೆ ಆರಿಸಿ ಬಂದ ಶ್ರೀ ಥಾಣೇದಾರ್ ಅವರನ್ನು ತೆಗೆದುಕೊಳ್ಳಿ. ಅದಕ್ಕೂ ಮುಂಚೆ ಮಿಷಿಗನ್ ಶಾಸಕಾಂಗದಲ್ಲಿದ್ದರು. ರಾಜ್ಯ, ಕೇಂದ್ರ ಎರಡೂ ಕಡೆಯ ದಾಖಲೆ ಹುಡುಕುವುದು ಹೇಗೆಂದು ಕಲಿಯಲು ಅನುಕೂಲ.

ಸಂಘಟನೆಗಳು ಕೊಡುವ ಮಾರ್ಕ್ಸ್

ಎನ್‌ಆರ್‌ಎ ಅಭ್ಯರ್ಥಿಗಳಿಗೆ ಎ+ನಿಂದ ಎಫ್‌ವರೆಗೆ ದರ್ಜೆ ಕೊಡುತ್ತದೆ. ಗನ್ ಓನರ್ಸ್ ಆಫ್ ಅಮೆರಿಕ ಅದಕ್ಕಿಂತ ಬಿಗಿ. ಗನ್ ನಿಯಂತ್ರಣ ಬೇಕೆನ್ನುವ ಕಡೆ ಬ್ರೇಡಿ, ಗಿಫರ್ಡ್ಸ್, ಎವರಿಟೌನ್ ಎಂಬ ಸಂಘಟನೆಗಳಿವೆ. ಎವರಿಟೌನ್ ಜೊತೆಗಿರುವ ಮಾಮ್ಸ್ ಡಿಮಾಂಡ್ ಆಕ್ಷನ್ 'ಗನ್ ಸೆನ್ಸ್ ಕ್ಯಾಂಡಿಡೇಟ್' ಎಂಬ ಗುರುತು ಕೊಡುತ್ತದೆ. ವೋಟ್ ಸ್ಮಾರ್ಟ್ ತಾಣದಲ್ಲಿ ಎರಡೂ ಕಡೆಯ ದರ್ಜೆಗಳು ವರ್ಷವಾರು ಒಟ್ಟಿಗೆ ಸಿಗುತ್ತವೆ.

ಇವನ್ನು ಓದುವಾಗ ಅಕ್ಷರದ ಪಕ್ಕ ಏನಿದೆ ನೋಡಿ. ಎನ್‌ಆರ್‌ಎಯಲ್ಲಿ 'ಎಕ್ಯೂ' ಎಂದಿದ್ದರೆ ಆ ಅಭ್ಯರ್ಥಿಗೆ ವೋಟಿನ ದಾಖಲೆ ಇಲ್ಲ, ಪ್ರಶ್ನಾವಳಿಗೆ ಬರೆದ ಉತ್ತರದ ಮೇಲೆ ಮಾತ್ರ ಎ ಸಿಕ್ಕಿದೆ. ಪ್ರಶ್ನೆ ಚಿಹ್ನೆ ಇದ್ದರೆ ಉತ್ತರವನ್ನೇ ಕೊಟ್ಟಿಲ್ಲ ಎಂದರ್ಥ. ಗನ್ ಸೆನ್ಸ್ ಗುರುತೂ ಪ್ರಶ್ನಾವಳಿಯಿಂದಲೇ ಬರುವುದು. ಪರೀಕ್ಷೆಯಲ್ಲಿ ಯಾವ ಉತ್ತರಕ್ಕೆ ಮಾರ್ಕ್ಸ್ ಎಂದು ಬರೆಯುವವರಿಗೆ ಮೊದಲೇ ಗೊತ್ತಿರುತ್ತದೆ.

ದರ್ಜೆಗೆ ಯಾವ್ಯಾವ ವೋಟು ಸೇರಿಸಿದ್ದಾರೆ ಎಂಬುದು ಇನ್ನೂ ಮುಖ್ಯ. ಇದಕ್ಕೆ ನಮ್ಮವರ ಉದಾಹರಣೆಯೇ ಇದೆ. ಮಂಡ್ಯ ಜಿಲ್ಲೆಯ ಹಳ್ಳೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರನ್ನು ಒಬಾಮಾ 2013ರ ನವೆಂಬರ್‌ನಲ್ಲಿ ಸರ್ಜನ್ ಜನರಲ್, ಅಂದರೆ ದೇಶಕ್ಕೆ ಆರೋಗ್ಯದ ಸಲಹೆ ಕೊಡುವ ಮುಖ್ಯ ವೈದ್ಯರ, ಹುದ್ದೆಗೆ ಹೆಸರಿಸಿದರು. 2012ರಲ್ಲಿ ಅವರು ಗನ್ ಎಂಬುದು ಆರೋಗ್ಯದ ವಿಷಯ ಎಂದು ಟ್ವೀಟ್ ಮಾಡಿದ್ದರು. ಎನ್‌ಆರ್‌ಎ ವಿರೋಧಿಸಿತು, ಈ ನೇಮಕದ ವೋಟನ್ನೂ ತನ್ನ ಲೆಕ್ಕಕ್ಕೆ ಸೇರಿಸುವುದಾಗಿ ಹೇಳಿತು. ಗನ್ ಲಾಬಿ ಬಲವಾಗಿದ್ದ ರಾಜ್ಯಗಳ ಡೆಮಾಕ್ರಾಟರು ಹಿಂದೆಮುಂದೆ ನೋಡಿದರು. ನೇಮಕ ವರ್ಷಕ್ಕೂ ಹೆಚ್ಚು ಕಾಲ ನೇತಾಡಿ, 2014ರ ಡಿಸೆಂಬರ್ 15ರಂದು 51-43ರಲ್ಲಿ ದಾಟಿತು. ವೈದ್ಯರೊಬ್ಬರ ನೇಮಕ ಗನ್ ವೋಟು ಆದದ್ದು ಹೀಗೆ. ಅಂದಹಾಗೆ, ನೇಮಕದ ವಿಚಾರಣೆಯಲ್ಲಿ ಮೂರ್ತಿ ಈ ಹುದ್ದೆಯನ್ನು ಗನ್ ನಿಯಂತ್ರಣದ ವೇದಿಕೆ ಮಾಡುವ ಉದ್ದೇಶ ಇಲ್ಲ ಎಂದಿದ್ದರು. ಎರಡನೇ ಅವಧಿಯಲ್ಲಿ, 2024ರ ಜೂನ್‌ನಲ್ಲಿ, ಗನ್ ಹಿಂಸೆ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಘೋಷಿಸಿದರು. ನೇಮಕದ ಹೊತ್ತಿನ ಮಾತು, ಕುರ್ಚಿಯಲ್ಲಿ ಕೂತ ಮೇಲಿನ ಮಾತು ಬೇರೆಯಾಗುವುದು ರಾಜಕಾರಣಿಗಳಿಗೆ ಮಾತ್ರ ಸೀಮಿತವಲ್ಲ.

ನನ್ನ ಸಲಹೆ ಇಷ್ಟೇ: ಎರಡೂ ಕಡೆಯ ದರ್ಜೆ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಎ, ಇನ್ನೊಂದು ಕಡೆ ಎಫ್ ಬಂದರೆ ನಿಲುವು ಸ್ಪಷ್ಟ. ಎರಡೂ ಕಡೆ ಬಿ, ಸಿ ಇದ್ದರೆ ಅವರ ವೋಟುಗಳನ್ನು ಒಂದೊಂದಾಗಿ ನೋಡಲೇಬೇಕು.

ದುಡ್ಡಿನ ಜಾಡು

ಇಲ್ಲಿ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ಒಂದು ಪಿಎಸಿ (ಚುನಾವಣೆಗೆ ದುಡ್ಡು ಕೂಡಿಸಿ ಕೊಡುವ ಸಮಿತಿ) ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ನೇರವಾಗಿ ಕೊಡಬಹುದಾದ್ದು ಹೆಚ್ಚೆಂದರೆ 5,000 ಡಾಲರ್. ಅದನ್ನು ನೋಡಿ 'ಇಷ್ಟೇನಾ' ಅನಿಸುತ್ತದೆ. ದೊಡ್ಡ ಮೊತ್ತ ಇರುವುದು ಅಭ್ಯರ್ಥಿಯ ಪರ ಅಥವಾ ವಿರುದ್ಧ ಹೊರಗಿನವರು ತಾವೇ ಮಾಡುವ ಖರ್ಚಿನಲ್ಲಿ. ಫೆಡರಲ್ ಚುನಾವಣಾ ಆಯೋಗದ, ಅಂದರೆ ಎಫ್‌ಇಸಿಯ, ತಾಣದಲ್ಲಿ 'ಇಂಡಿಪೆಂಡೆಂಟ್ ಎಕ್ಸ್‌ಪೆಂಡಿಚರ್ಸ್' ಎಂದು ಹುಡುಕಿ, ಓಪನ್ ಸೀಕ್ರೆಟ್ಸ್‌ನಲ್ಲೂ ಸಿಗುತ್ತದೆ. ಎನ್‌ಆರ್‌ಎ, ಎವರಿಟೌನ್ ಎರಡೂ ಹೀಗೆ ಖರ್ಚು ಮಾಡುತ್ತವೆ. ದುಡ್ಡು ನಿಲುವನ್ನು ಕೊಂಡುಕೊಂಡಿತು ಎನ್ನುವುದಕ್ಕಿಂತ, ಆ ನಿಲುವು ಇದ್ದವರ ಕಡೆಗೆ ದುಡ್ಡು ಹೋಯಿತು ಎನ್ನುವುದು ಎಷ್ಟೋ ಸಲ ಸರಿ. ಇದನ್ನು ಪುರಾವೆ ಎಂದುಕೊಳ್ಳದೆ ಸುಳಿವು ಎಂದಷ್ಟೇ ಇಟ್ಟುಕೊಳ್ಳಿ.

ಮಾತು ಬದಲಿಸಿದವರನ್ನು ಅಳೆಯುವುದು ಹೇಗೆ?

ವೆಬ್‌ಪುಟಗಳ ಹಳೆಯ ಪ್ರತಿ ಉಳಿಸಿಡುವ ವೇಬ್ಯಾಕ್ ಮೆಷಿನ್ ತಾಣಕ್ಕೆ ಹೋಗಿ ಅಭ್ಯರ್ಥಿಯ ವೆಬ್‌ಸೈಟ್ ವಿಳಾಸ ಹಾಕಿ. ಪ್ರೈಮರಿಯ ಹೊತ್ತಲ್ಲಿ 'ಇಶ್ಯೂಸ್' ಪುಟದಲ್ಲಿ ಏನಿತ್ತು, ಈಗ ಏನಿದೆ? ಪ್ರೈಮರಿಯಲ್ಲಿ ಪಕ್ಷದ ಕಟ್ಟಾ ಬೆಂಬಲಿಗರಿಗೆ ಬೇಕಾದ್ದು ಹೇಳಿ, ನವೆಂಬರ್ ಹತ್ತಿರ ಬಂದಂತೆ ಮೆತ್ತಗಾಗುವುದು ಎರಡೂ ಪಕ್ಷದಲ್ಲಿ ಇದೆ. ಟೆಕ್ಸಸ್‌ನ ಬೀಟೋ ಓರೂರ್ಕ್ 2019ರ ಸೆಪ್ಟೆಂಬರ್ ಚರ್ಚೆಯಲ್ಲಿ ಎಆರ್-15 ಹೌದು, ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಗಟ್ಟಿಯಾಗಿ ಹೇಳಿದರು. 2022ರಲ್ಲಿ ಗವರ್ನರ್ ಆಗಲು ಹೊರಟಾಗ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವ ಆಸಕ್ತಿ ಇಲ್ಲ ಎಂದರು.

ಬದಲಾವಣೆ ಎಂದ ಕೂಡಲೇ ಮೋಸ ಎನ್ನುವುದೂ ಸರಿಯಲ್ಲ. ಬದಲಾವಣೆಯಿಂದ ಲಾಭ ಆಯಿತಾ, ನಷ್ಟದ ಭಯ ಇತ್ತಾ ಎಂದು ಕೇಳಿಕೊಳ್ಳಿ. ಕರ್ಸ್ಟೆನ್ ಜಿಲಿಬ್ರಾಂಡ್ ನ್ಯೂಯಾರ್ಕ್ ರಾಜ್ಯದ ಹಳ್ಳಿ ಕಡೆಯ ಕ್ಷೇತ್ರದಿಂದ ಹೌಸ್‌ನಲ್ಲಿದ್ದಾಗ ಎನ್‌ಆರ್‌ಎ ಎ ಕೊಟ್ಟಿತ್ತು. 2009ರಲ್ಲಿ ಇಡೀ ರಾಜ್ಯದ ಸೆನೆಟರ್ ಆದರು, ದರ್ಜೆ ಎಫ್‌ಗೆ ಇಳಿಯಿತು. ಮನಸ್ಸು ಬದಲಾಗಿರಬಹುದು, ಮತದಾರರು ಬದಲಾದದ್ದಂತೂ ಖಚಿತ. ಮೇನ್ ರಾಜ್ಯದ ಜ್ಯಾರೆಡ್ ಗೋಲ್ಡನ್ ಬೇರೆ ಥರ. 2022ರಲ್ಲಿ ಅಸಾಲ್ಟ್ ವೆಪನ್ ನಿಷೇಧದ ವಿರುದ್ಧ ಹಾಕಿದ 5 ಡೆಮಾಕ್ರಾಟರಲ್ಲಿ ಅವರೊಬ್ಬರು. 2023ರ ಅಕ್ಟೋಬರ್ 25ರಂದು ಅವರ ಊರಾದ ಲೂಯಿಸ್ಟನ್‌ನಲ್ಲಿ 18 ಜನ ಗುಂಡೇಟಿಗೆ ಸತ್ತರು. ಮರುದಿನ ಗೋಲ್ಡನ್ ತಾವು ತಪ್ಪಿದ್ದೆವು, ನಿಷೇಧ ಬೇಕು ಎಂದರು. ಬೇಟೆ ಜಾಸ್ತಿ ಇರುವ ಹಳ್ಳಿಗಾಡಿನ ಕ್ಷೇತ್ರ ಅದು, ಈ ಮಾತಿನಿಂದ ವೋಟು ಕಳೆದುಕೊಳ್ಳುವ ಅಪಾಯವೇ ಜಾಸ್ತಿ ಇತ್ತು. ನಿಮಗೆ ಅವರ ಹೊಸ ನಿಲುವು ಇಷ್ಟವಾಗದಿರಬಹುದು, ಆದರೆ ಅದು ನಾಟಕ ಎನ್ನುವುದು ಕಷ್ಟ.

ಇನ್ನು ರಿಕ್ ಸ್ಕಾಟ್. ಎನ್‌ಆರ್‌ಎಯಿಂದ ಎ+ ಪಡೆದ ಫ್ಲಾರಿಡಾ ಗವರ್ನರ್. ಪಾರ್ಕ್‌ಲ್ಯಾಂಡ್ ಶಾಲೆಯ ದುರಂತದ ನಂತರ 2018ರ ಮಾರ್ಚ್‌ನಲ್ಲಿ ಗನ್ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ ರೆಡ್ ಫ್ಲ್ಯಾಗ್ ತಂದ ಕಾನೂನಿಗೆ ಸಹಿ ಹಾಕಿದರು. ಎನ್‌ಆರ್‌ಎ ಅದೇ ದಿನ ಕೋರ್ಟಿಗೆ ಹೋಯಿತು. ಅದೇ ಸ್ಕಾಟ್ ಸೆನೆಟರ್ ಆಗಿ, ಮೇಲೆ ಹೇಳಿದ 2022ರ ಜೂನ್‌ನ ಫೆಡರಲ್ ಕಾನೂನಿನ ವಿರುದ್ಧ ವೋಟು ಹಾಕಿದರು. ರಾಜ್ಯದಲ್ಲಿ ಸರಿ, ಕೇಂದ್ರದಲ್ಲಿ ಬೇಡ ಎಂಬುದೂ ಒಂದು ನಿಲುವೇ. ಆದರೆ ಅವರು ಗವರ್ನರಾಗಿ ಮಾಡಿದ್ದನ್ನು ನೋಡಿ ಸೆನೆಟರಾಗಿ ಏನು ಮಾಡುತ್ತಾರೆ ಎಂದು ಊಹಿಸಿದ್ದರೆ ತಪ್ಪಾಗುತ್ತಿತ್ತು.

ದಾಖಲೆಯೇ ಇಲ್ಲದ ಹೊಸಬರು

ಬ್ಯಾಲಟ್‌ಪೀಡಿಯಾದ ಪ್ರಶ್ನಾವಳಿ, ಲೀಗ್ ಆಫ್ ವಿಮೆನ್ ವೋಟರ್ಸ್ ನಡೆಸುವ ವೋಟ್411, ಊರ ಪತ್ರಿಕೆ ಸಂಪಾದಕರು ಕೇಳಿದ ಪ್ರಶ್ನೆಗಳು, ಪ್ರೈಮರಿ ಚರ್ಚೆಯ ವಿಡಿಯೋ. ಇಷ್ಟು ನೋಡಿದ ಮೇಲೂ ಗೊತ್ತಾಗದಿದ್ದರೆ ನೇರವಾಗಿ ಕೇಳಿ. ಸ್ಟೇಟ್ ಹೌಸ್, ಕೌಂಟಿ ಮಟ್ಟದ ಅಭ್ಯರ್ಥಿಗಳು ನಮ್ಮ ಕನ್ನಡ ಕೂಟಗಳ ಕಾರ್ಯಕ್ರಮಕ್ಕೂ ಬಂದು ನಿಲ್ಲುತ್ತಾರೆ. ಶಾಲು ಹೊದಿಸಿ ಫೋಟೋ ತೆಗೆಸಿಕೊಂಡು ಕಳಿಸಿಬಿಡುತ್ತೇವೆ, ಒಂದು ಪ್ರಶ್ನೆ ಕೇಳಲು ಸಂಕೋಚ!

ಕೇಳುವಾಗ ತಪ್ಪಿಸಿಕೊಳ್ಳಲಾಗದಂತೆ ಕೇಳಿ. 'ಗನ್ ಹಿಂಸೆ ಬಗ್ಗೆ ಏನು ಮಾಡುತ್ತೀರಿ' ಎಂದರೆ ಹತ್ತು ನಿಮಿಷ ಮಾತಾಡಿ ಏನೂ ಹೇಳದೆ ಹೋಗುತ್ತಾರೆ. ಅದರ ಬದಲು, 'ಕಳೆದ ಅಧಿವೇಶನದಲ್ಲಿ ಈ ನಂಬರಿನ ಮಸೂದೆ ಬಂದಿತ್ತು. ನೀವು ಅಲ್ಲಿದ್ದರೆ ಪರ ಹಾಕುತ್ತಿದ್ದಿರೋ, ವಿರುದ್ಧವೋ?' ಎನ್ನಿ. ಸೆನೆಟ್ ಅಭ್ಯರ್ಥಿಗೆ, 'ಇದಕ್ಕಾಗಿ 60 ವೋಟಿನ ನಿಯಮ ಬದಲಿಸಲು ಒಪ್ಪುತ್ತೀರಾ?' ಎಂದು ಸೇರಿಸಿ. ಶೆರಿಫ್ ಅಭ್ಯರ್ಥಿಗೆ, 'ನಮ್ಮ ರಾಜ್ಯದ ಗನ್ ಕಾನೂನುಗಳಲ್ಲಿ ನೀವು ಜಾರಿ ಮಾಡದೆ ಬಿಡುವಂಥದ್ದು ಇದೆಯಾ?' ಇಮೇಲ್‌ನಲ್ಲಿ ಕೇಳಿದರೆ ಉತ್ತರ ಬರಹದಲ್ಲಿ ಉಳಿಯುತ್ತದೆ.

ಉತ್ತರದಲ್ಲಿ 'ಕಾಮನ್ ಸೆನ್ಸ್ ಸುಧಾರಣೆ', 'ಇರುವ ಕಾನೂನು ಜಾರಿ ಮಾಡಿದರೆ ಸಾಕು', 'ಇದು ಮಾನಸಿಕ ಆರೋಗ್ಯದ ಸಮಸ್ಯೆ' ಎಂದಷ್ಟೇ ಇದ್ದರೆ ಉತ್ತರ ಬಂದಿಲ್ಲ ಎಂದೇ ಬರೆದುಕೊಳ್ಳಿ. ಯಾವ ಕಾನೂನು, ಯಾವ ಸುಧಾರಣೆ ಎಂದು ಮತ್ತೆ ಕೇಳಿ. ಎರಡನೇ ಸಲವೂ ಅದೇ ಬಂದರೆ, ಅದನ್ನು ಮುಚ್ಚಿಡುವುದರಲ್ಲೇ ಅವರಿಗೆ ಲಾಭ ಇದೆ ಎಂದು ಊಹಿಸುವುದು ತಪ್ಪಲ್ಲ.

ಕೊನೆಯ ವಾರಗಳು

ಆಗ ಬರುವ ಮೇಲರ್, ಮೆಸೇಜ್‌ಗಳಲ್ಲಿ ಮೊದಲು ಕೆಳಗಿನ 'ಪೇಯ್ಡ್ ಫಾರ್ ಬೈ' ಸಾಲು ನೋಡಿ. ಅಭ್ಯರ್ಥಿಯ ಹೆಸರಲ್ಲದೆ ಯಾವುದೋ ಕಮಿಟಿಯ ಹೆಸರಿದ್ದರೆ ಅದು ಹೊರಗಿನವರ ಮಾತು. ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ವೋಟಿನ ನಂಬರ್ ಕೊಟ್ಟಿದ್ದರೆ ಹುಡುಕಿ ನೋಡಿ, ಐದು ನಿಮಿಷದ ಕೆಲಸ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಕತ್ತರಿಸಿದ ವಿಡಿಯೋ ಆದರೆ ಪೂರ್ತಿ ಭಾಷಣ ಸಿ-ಸ್ಪ್ಯಾನ್‌ನಲ್ಲಿ ಇದೆಯಾ ನೋಡಿ. ಚಾಟ್‌ಬಾಟ್ ಕೊಟ್ಟ ರೋಲ್ ಕಾಲ್ ಅಂಕಿಗಳನ್ನು ಮೂಲ ತಾಣದಲ್ಲಿ ಹೋಲಿಸದೆ ಬಳಸಬೇಡಿ.

ನಿಮ್ಮ ಜಿಲ್ಲೆ ಒಂದೇ ಪಕ್ಷದ ಕೋಟೆಯಾಗಿದ್ದರೆ ಇದೆಲ್ಲ ಕೆಲಸ ಪ್ರೈಮರಿಗೆ ಮುಂಚೆಯೇ ಮುಗಿಸಿ. ಅಲ್ಲಿ ನಿಜವಾದ ಸ್ಪರ್ಧೆ ನಡೆಯುವುದು ಆಗಲೇ, ನವೆಂಬರ್ ಬರೀ ಶಾಸ್ತ್ರ. ಪ್ರೈಮರಿಗೆ ಪಕ್ಷದ ಹೆಸರಲ್ಲಿ ನೋಂದಾಯಿಸಿರಬೇಕಾ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೌಂಟಿ ಚುನಾವಣಾ ಕಚೇರಿಯ ತಾಣದಲ್ಲಿ ಅದನ್ನೂ, ನಿಮ್ಮ ವಿಳಾಸದ ಸ್ಯಾಂಪಲ್ ಬ್ಯಾಲಟ್ಟನ್ನೂ ನೋಡಿಕೊಳ್ಳಿ.

ಸ್ಯಾಂಪಲ್ ಬ್ಯಾಲಟ್ ಪ್ರಿಂಟ್ ತೆಗೆದು ಅದರ ಮೇಲೆಯೇ ಗುರುತು ಹಾಕಿಟ್ಟುಕೊಳ್ಳಿ. ಫೋನ್‌ನಲ್ಲಿ ಇದೆಯಲ್ಲ ಎಂದು ನಂಬಿ ಹೋಗಬೇಡಿ. ಟೆಕ್ಸಸ್‌ನಲ್ಲಿ ವೋಟಿಂಗ್ ಜಾಗದ 100 ಅಡಿ ಒಳಗೆ ಫೋನ್ ಬಳಸುವಂತಿಲ್ಲ, ಕೈಯಲ್ಲಿ ಬರೆದ ಚೀಟಿಗೆ ಅಡ್ಡಿಯಿಲ್ಲ. ಬೇರೆ ಕೆಲವು ರಾಜ್ಯಗಳಲ್ಲೂ ಫೋನ್ ಮೇಲೆ ಕಟ್ಟುಪಾಡುಗಳಿವೆ.